ಮೂಡಿಗೆರೆಯ ವೈದ್ಯ, ಬ್ರಿಸ್ಬೇನಿನ ಗುಮಾನಿ

ಹೇಮಾವತಿ ಮೂಡಿಗೆರೆ ತಾಲ್ಲೂಕಿನ ಜಾವಳಿಯ ಹತ್ತಿರ ಹುಟ್ಟಿ, ಸಕಲೇಶಪುರದ ಮಗ್ಗುಲಲ್ಲಿ ಹರಿದು, ಆಲೂರು ಸೀಮೆಯನ್ನು ತಾಗಿಕೊಂಡು ಗೊರೂರಿಗೆ ಇಳಿಯುತ್ತಾಳೆ. ಮೂಡಿಗೆರೆಯನ್ನು ಚಿಕ್ಕಮಗಳೂರಿಗೂ ಸಕಲೇಶಪುರ, ಆಲೂರುಗಳನ್ನು ಹಾಸನಕ್ಕೂ ಸೇರಿಸಿದ್ದು ಜಿಲ್ಲೆಯ ಲೆಕ್ಕ ಮಾತ್ರ. ಕಾಫಿ, ಏಲಕ್ಕಿ, ಮೆಣಸು, ಮಳೆ, ಲೈನ್ ಮನೆ, ಸಂತೆ, ನೆಂಟಸ್ತಿಕೆ ಎಲ್ಲದರಲ್ಲೂ ಇದು ಒಂದೇ ಸೀಮೆ. ಕನ್ನಡ ಓದುವವರಿಗೆ ಮೂಡಿಗೆರೆ ಎಂದರೆ ಪೂರ್ಣಚಂದ್ರ ತೇಜಸ್ವಿಯವರ ಊರು. 2007ರ ಏಪ್ರಿಲ್ 5ರಂದು ಅವರು ಅಲ್ಲಿ ತೀರಿಕೊಂಡರು. ಅದಾಗಿ ಮೂರೇ ತಿಂಗಳಿಗೆ ಆ ಊರಿನಲ್ಲಿ ಹುಟ್ಟಿದ ಇನ್ನೊಬ್ಬರ ಹೆಸರು ಆಸ್ಟ್ರೇಲಿಯಾದ ಪತ್ರಿಕೆಗಳ ಮುಖಪುಟದಲ್ಲಿ ದಿನವೂ ಅಚ್ಚಾಗತೊಡಗಿತು. ಅವರು ಡಾ. ಮೊಹಮ್ಮದ್ ಹನೀಫ್, ಆಗ 27 ವರ್ಷದ ವೈದ್ಯ. ಜುಲೈ 2ರ ರಾತ್ರಿ ಬೆಂಗಳೂರಿಗೆ ಹೊರಟು ನಿಂತಿದ್ದ ಅವರನ್ನು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಪೊಲೀಸರು ಬಂಧಿಸಿದರು. ಮುಂದಿನ ಇಪ್ಪತ್ತೈದು ದಿನ ನಡೆದದ್ದನ್ನು ಆ ದೇಶದ ನ್ಯಾಯಾಲಯಗಳೂ ವಿಚಾರಣಾ ಆಯೋಗವೂ ಕಾಗದದ ಮೇಲೆ ಬಿಡಿಸಿಟ್ಟಿವೆ. ಹಾಗಾಗಿ ಗುಮಾನಿಯೊಂದು ಹೇಗೆ ಹುಟ್ಟಿತು, ಹೇಗೆ ಬೆಳೆಯಿತು, ಯಾವ ಹಂತದಲ್ಲಿ ಸಾಯಬೇಕಿದ್ದದ್ದು ಸಾಯದೆ ಉಳಿಯಿತು ಎಂಬುದನ್ನು ಈ ಪ್ರಕರಣದಲ್ಲಿ ಹೆಜ್ಜೆ ಹೆಜ್ಜೆಯಾಗಿ ನೋಡಬಹುದು.

ವಿಮಾನ ನಿಲ್ದಾಣದಲ್ಲಿ ಹೆಸರು, ಗಡ್ಡ, ಬಣ್ಣ, ಹುಟ್ಟಿದ ದೇಶ ನೋಡಿ ಜನರನ್ನು ಬೇರೆ ಸಾಲಿಗೆ ನಿಲ್ಲಿಸುವುದರ ಬಗ್ಗೆ ಮಾತು ಬಂದಾಗಲೆಲ್ಲ ಚರ್ಚೆ ಒಂದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ಒಬ್ಬರು ಅದನ್ನು ಅವಮಾನ ಎನ್ನುತ್ತಾರೆ, ಇನ್ನೊಬ್ಬರು ನೂರಾರು ಜನರ ಪ್ರಾಣಕ್ಕಿಂತ ಹತ್ತು ನಿಮಿಷದ ಅವಮಾನ ದೊಡ್ಡದಲ್ಲ ಎನ್ನುತ್ತಾರೆ. ಅವಮಾನವನ್ನೂ ಪ್ರಾಣವನ್ನೂ ತೂಗಿ ನೋಡುವ ಈ ವಾದದಲ್ಲಿ ಮುಖ್ಯವಾದದ್ದು ತಪ್ಪಿಹೋಗುತ್ತದೆ. ಗುಮಾನಿ ಪಡುವುದು ಪೊಲೀಸರ ಕೆಲಸ. ಪ್ರಶ್ನೆ ಕೇಳುವುದು ಅವರ ಹಕ್ಕು, ಹಲವು ಸಲ ಕರ್ತವ್ಯ ಕೂಡ. ಆದರೆ ಒಬ್ಬನ ನಡತೆ ನೋಡಿ ಹುಟ್ಟಿದ ಗುಮಾನಿಗೂ ಅವನ ಹುಟ್ಟು ನೋಡಿ ಹುಟ್ಟಿದ ಗುಮಾನಿಗೂ ದೊಡ್ಡ ವ್ಯತ್ಯಾಸವಿದೆ. ಮೊದಲನೆಯದಕ್ಕೆ ಸಮಾಧಾನ ಹೇಳಬಹುದು, ಹೇಳಿದ ಮೇಲೆ ಅದು ಇಳಿಯುತ್ತದೆ. ಎರಡನೆಯದಕ್ಕೆ ಏನು ಹೇಳಿದರೂ ಸಾಲದು. ಉತ್ತರ ಎಷ್ಟೇ ಸರಿಯಾಗಿದ್ದರೂ ಉತ್ತರ ಕೊಟ್ಟವನ ಹೆಸರು ಅದೇ ಇರುತ್ತದೆ. ಹನೀಫ್ ಪ್ರಕರಣ ತೋರಿಸುವುದು ಇದನ್ನೇ.

2007ರ ಜೂನ್ 29ರ ನಸುಕಿನಲ್ಲಿ ಲಂಡನ್ನಿನ ಜನನಿಬಿಡ ಭಾಗದಲ್ಲಿ ಸ್ಫೋಟಕ ತುಂಬಿದ್ದ ಎರಡು ಕಾರುಗಳು ಸಿಕ್ಕವು. ಅವು ಸಿಡಿಯಲಿಲ್ಲ. ಮರುದಿನ ಗ್ಲಾಸ್ಗೋ ವಿಮಾನ ನಿಲ್ದಾಣದ ಬಾಗಿಲಿಗೆ ಗ್ಯಾಸ್ ಸಿಲಿಂಡರ್ ಹೊತ್ತ ಜೀಪ್ ಬಂದು ಅಪ್ಪಳಿಸಿ ಹೊತ್ತಿ ಉರಿಯಿತು. ಜೀಪಿನಲ್ಲಿದ್ದವರು ಇಬ್ಬರು: ಬಿಲಾಲ್ ಅಬ್ದುಲ್ಲಾ ಎಂಬ ಇರಾಕಿ ಮೂಲದ ವೈದ್ಯ ಮತ್ತು ಬೆಂಗಳೂರಿನ ಕಫೀಲ್ ಅಹಮದ್ ಎಂಬ ಎಂಜಿನಿಯರ್. ಕಫೀಲ್ ದಾವಣಗೆರೆಯ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವನು. ಸುಟ್ಟಗಾಯಗಳಿಂದ ಅವನು ಆಗಸ್ಟ್ 2ರಂದು ಸತ್ತ. ಅಬ್ದುಲ್ಲಾನಿಗೆ ಮುಂದಿನ ವರ್ಷ ಡಿಸೆಂಬರಿನಲ್ಲಿ ಕನಿಷ್ಠ 32 ವರ್ಷ ಸೆರೆಯಲ್ಲಿರಬೇಕಾದ ಜೀವಾವಧಿ ಶಿಕ್ಷೆಯಾಯಿತು. ಕಫೀಲನ ತಮ್ಮ ಸಬೀಲ್ ಅಹಮದ್ ಲಿವರ್‌ಪೂಲ್ ಕಡೆಯ ಆಸ್ಪತ್ರೆಯಲ್ಲಿ ವೈದ್ಯನಾಗಿದ್ದ, ಅವನನ್ನೂ ಬಂಧಿಸಿದರು. ಅಪಾಯ ನಿಜವಾದದ್ದು, ಮಾಡಿದವರು ಓದಿದ ಮುಸ್ಲಿಮರು, ಅವರಲ್ಲಿ ಒಬ್ಬ ನಮ್ಮದೇ ನಾಡಿನವನು. ಇದನ್ನು ಮುಚ್ಚಿಟ್ಟು ವಾದ ಕಟ್ಟಿದರೆ ಆ ವಾದಕ್ಕೆ ಬೆಲೆಯಿರುವುದಿಲ್ಲ.

ಈ ಅಣ್ಣತಮ್ಮಂದಿರು ಹನೀಫ್‌ಗೆ ದೂರದ ಸಂಬಂಧಿಗಳು. ಮೂಡಿಗೆರೆಯಲ್ಲಿ ಬೆಳೆದ ಹನೀಫ್ ಬೆಂಗಳೂರಿನ ಡಾ. ಬಿ.ಆರ್. ಅಂಬೇಡ್ಕರ್ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಇಂಗ್ಲೆಂಡಿನಲ್ಲಿ ಕೆಲಕಾಲ ಕೆಲಸ ಮಾಡಿ, 2006ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಆಸ್ಪತ್ರೆಗೆ ಸೇರಿದ್ದರು. ಇಂಗ್ಲೆಂಡ್ ಬಿಡುವಾಗ ತಮ್ಮ ಮೊಬೈಲಿನ ಸಿಮ್ ಕಾರ್ಡನ್ನು ಸಬೀಲನ ಕೈಗೆ ಕೊಟ್ಟು ಹೊರಟಿದ್ದರು. ಒಪ್ಪಂದದಲ್ಲಿ ಇನ್ನೂ ಉಳಿದಿದ್ದ ಉಚಿತ ಮಾತಿನ ನಿಮಿಷಗಳು ಹಾಳಾಗದಿರಲಿ ಎಂಬುದು ಕಾರಣ. ನಮ್ಮ ಕಡೆ ಊರು ಬಿಡುವ ಹುಡುಗ ಹಿಂದೆ ಉಳಿದ ನೆಂಟರ ಹುಡುಗನಿಗೆ ಇಂಥದ್ದನ್ನು ಬಿಟ್ಟು ಹೋಗುವುದು ತೀರ ಸಾಮಾನ್ಯ. ವರ್ಷ ಕಳೆದ ಮೇಲೆ ಗ್ಲಾಸ್ಗೋ ದಾಳಿಯ ತನಿಖೆಯಲ್ಲಿ ಆ ಸಿಮ್ಮಿನ ಮೇಲಿದ್ದ ಹೆಸರು ಬ್ರಿಟಿಷ್ ಪೊಲೀಸರಿಗೆ ಸಿಕ್ಕಿತು. ಅಲ್ಲಿಂದ ಸುದ್ದಿ ಆಸ್ಟ್ರೇಲಿಯಾಕ್ಕೆ ಹೋಯಿತು. ಅದೇ ಹೊತ್ತಿಗೆ ಹನೀಫರ ಹೆಂಡತಿಗೆ ಬೆಂಗಳೂರಿನಲ್ಲಿ ಹೆಣ್ಣು ಮಗು ಹುಟ್ಟಿ ಕೆಲವೇ ದಿನಗಳಾಗಿದ್ದವು. ಅವರು ರಜೆ ಕೇಳಿ, ಮಾವ ತೆಗೆಸಿಕೊಟ್ಟ ಟಿಕೆಟ್ ಹಿಡಿದು ಹೊರಟಿದ್ದರು. ಅದು ಹೋಗುವ ದಾರಿಗೆ ಮಾತ್ರ ತೆಗೆಸಿದ್ದ ಟಿಕೆಟ್. ಹೊರಡುವ ಮುಂಚೆ, ಸಬೀಲನ ಮನೆಯವರಿಂದ ಸಿಕ್ಕಿದ ನಂಬರಿಗೆ, ಅಂದರೆ ತನಿಖೆ ನಡೆಸುತ್ತಿದ್ದ ಬ್ರಿಟಿಷ್ ಪೊಲೀಸ್ ಅಧಿಕಾರಿಯ ನಂಬರಿಗೆ, ಹಲವು ಸಲ ಫೋನ್ ಮಾಡಿದ್ದರು. ಆ ಕಡೆಯಿಂದ ಯಾರೂ ಎತ್ತಲಿಲ್ಲ.

ಇಲ್ಲಿಯವರೆಗೆ ಪೊಲೀಸರದ್ದು ತಪ್ಪೆನ್ನಲು ಬರುವುದಿಲ್ಲ. ದಾಳಿ ಮಾಡಿದವನ ತಮ್ಮನ ಕೈಯಲ್ಲಿ ಒಬ್ಬನ ಸಿಮ್ ಇದೆ, ದಾಳಿಯಾದ ಎರಡೇ ದಿನಕ್ಕೆ ಆತ ದೇಶ ಬಿಡುತ್ತಿದ್ದಾನೆ, ಕೈಯಲ್ಲಿ ಮರಳುವ ಟಿಕೆಟ್ ಇಲ್ಲ. ಇದನ್ನು ಕಂಡೂ ನಿಲ್ಲಿಸಿ ಕೇಳದ ಪೊಲೀಸ್ ಅಧಿಕಾರಿಯೇ ಹೊಣೆಗೇಡಿ. ಜುಲೈ 3ರಂದು ಅವರು ಕೇಳಿದರು, ಹನೀಫ್ ವಕೀಲರಿಲ್ಲದೆಯೇ ಗಂಟೆಗಟ್ಟಲೆ ಉತ್ತರಿಸಿದರು. ಆ ಮಾತುಕತೆಯ ಲಿಖಿತ ದಾಖಲೆ 142 ಪುಟ. ಮಗು ಹುಟ್ಟಿದ್ದು, ಸಿಕ್ಕ ರಜೆ ಕೆಲವೇ ದಿನದ್ದು, ಟಿಕೆಟ್ಟಿನ ದುಡ್ಡು ಮಾವ ಕೊಟ್ಟದ್ದು, ಮರಳುವ ಟಿಕೆಟ್ಟನ್ನು ಊರಿಗೆ ಹೋದ ಮೇಲೆ ತೆಗೆಸುವ ಯೋಚನೆಯಿದ್ದದ್ದು, ಸಿಮ್ ಯಾಕೆ ಕೊಟ್ಟದ್ದು, ಸಬೀಲ್ ಎಷ್ಟು ಗೊತ್ತು, ಕಫೀಲ್ ಎಷ್ಟು ಗೊತ್ತು, ಎಲ್ಲ ಅದರಲ್ಲಿವೆ. ಪ್ರತಿಯೊಂದನ್ನೂ ತಾಳೆ ನೋಡಬಹುದಿತ್ತು. ಆಸ್ಪತ್ರೆಯ ರಜೆ ಅರ್ಜಿ ಇತ್ತು, ಬೆಂಗಳೂರಿನ ಹೆರಿಗೆಯ ದಾಖಲೆ ಇತ್ತು, ಬ್ರಿಟಿಷ್ ಅಧಿಕಾರಿಗೆ ಮಾಡಿದ ಕರೆಗಳ ಲೆಕ್ಕ ಫೋನ್ ಕಂಪನಿಯಲ್ಲಿತ್ತು. ಓಡಿಹೋಗುವ ಭಯೋತ್ಪಾದಕ ತನ್ನನ್ನು ಹುಡುಕುತ್ತಿರುವ ಪೊಲೀಸರಿಗೆ ತಾನೇ ಮತ್ತೆ ಮತ್ತೆ ಫೋನ್ ಮಾಡುವುದಿಲ್ಲ ಎಂಬ ಸರಳ ಮಾತನ್ನಾದರೂ ಯಾರಾದರೂ ಎತ್ತಬಹುದಿತ್ತು.

ಆದರೆ ಉತ್ತರಗಳು ಗುಮಾನಿಯನ್ನು ಇಳಿಸಲಿಲ್ಲ. ಭಯೋತ್ಪಾದನೆ ತಡೆಯ ಹೆಸರಿನಲ್ಲಿ 2004ರಲ್ಲಿ ಮಾಡಿದ್ದ ತಿದ್ದುಪಡಿಯ ಬಲದಿಂದ, ವಿಚಾರಣೆ ನಡೆಸದ ಹೊತ್ತನ್ನು ಲೆಕ್ಕಕ್ಕೆ ಹಿಡಿಯದೆ, ಆರೋಪವನ್ನೇ ಹೊರಿಸದೆ ಅವರನ್ನು ಹನ್ನೆರಡು ದಿನ ಇಟ್ಟುಕೊಂಡರು. ಕಾನೂನಿನಲ್ಲಿ ಅದಕ್ಕೆ ಗರಿಷ್ಠ ಮಿತಿಯೇ ಇರಲಿಲ್ಲ. ಜುಲೈ 14ರಂದು, ಭಯೋತ್ಪಾದಕ ಸಂಘಟನೆಗೆ ಅಜಾಗರೂಕತೆಯಿಂದ ನೆರವು ನೀಡಿದ ಆರೋಪ ಹೊರಿಸಿದರು. ನೆರವು ಎಂದರೆ ಆ ಸಿಮ್ ಕಾರ್ಡು. ಜಾಮೀನಿನ ವಿಚಾರಣೆಯಲ್ಲಿ ಸರ್ಕಾರದ ವಕೀಲರು, ಸಿಮ್ ಗ್ಲಾಸ್ಗೋದಲ್ಲಿ ಉರಿದ ಜೀಪಿನೊಳಗೇ ಸಿಕ್ಕಿತು ಎಂದು ನ್ಯಾಯಾಲಯಕ್ಕೆ ತಿಳಿಸಿದರು. ಅದು ಸುಳ್ಳು. ಸಿಮ್ ಇದ್ದದ್ದು ಸಬೀಲನ ಬಳಿ, ಗ್ಲಾಸ್ಗೋದಿಂದ ಎಷ್ಟೋ ದೂರದ ಲಿವರ್‌ಪೂಲಿನಲ್ಲಿ. ಪೊಲೀಸರ ಪ್ರಮಾಣಪತ್ರದಲ್ಲಿ ಇನ್ನೂ ಎರಡು ಮಾತುಗಳಿದ್ದವು: ಒಂದೇ ದಾರಿಯ ಟಿಕೆಟ್ ಯಾಕೆಂಬುದಕ್ಕೆ ಹನೀಫ್ ವಿವರಣೆ ಕೊಟ್ಟಿಲ್ಲ, ಮತ್ತು ಇಂಗ್ಲೆಂಡಿನಲ್ಲಿ ಅವರು ಕಫೀಲನ ಜೊತೆಗೂ ಮನೆ ಹಂಚಿಕೊಂಡಿದ್ದಾಗಿ ಹೇಳಿದ್ದಾರೆ. ಎರಡೂ 142 ಪುಟಗಳ ಆ ದಾಖಲೆಗೆ ವಿರುದ್ಧ. ಟಿಕೆಟ್ಟಿನ ಬಗ್ಗೆ ಅವರು ವಿವರವಾಗಿ ಹೇಳಿದ್ದರು, ಕಫೀಲನ ಜೊತೆ ವಾಸವಿದ್ದೆನೆಂದು ಹೇಳಿಯೇ ಇರಲಿಲ್ಲ.

ಈ ಮೂರು ತಪ್ಪುಗಳ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಕೈತಪ್ಪಿನಿಂದ ಆಗುವ ದೋಷಗಳು ಆರೋಪಿಗೆ ಅನುಕೂಲವಾಗಿಯೂ ಆಗುತ್ತವೆ, ಪ್ರತಿಕೂಲವಾಗಿಯೂ ಆಗುತ್ತವೆ. ಇಲ್ಲಿ ಮೂರೂ ಒಂದೇ ಕಡೆಗೆ ವಾಲಿದವು. ಪ್ರಶ್ನೆ ಕೇಳಿದ ಇಲಾಖೆಯೇ ಬರೆದುಕೊಂಡ ಉತ್ತರ ಅದೇ ಇಲಾಖೆಯ ಕಡತದಿಂದ ಕೆಲವೇ ದಿನಗಳಲ್ಲಿ ಮಾಯವಾಗಿ, ಅದರ ಜಾಗದಲ್ಲಿ ಅವರು ಮೊದಲು ಊಹಿಸಿದ್ದ ಕಥೆ ಬಂದು ಕೂತಿತು. ಯಾರೋ ಒಬ್ಬ ದುಷ್ಟ ಅಧಿಕಾರಿ ಬೇಕೆಂದೇ ಮಾಡಿದ್ದಾದರೆ ವಿಷಯ ಸುಲಭವಿತ್ತು. ಮುಂದೆ ಇಡೀ ಪ್ರಕರಣವನ್ನು ಶೋಧಿಸಿದ ನ್ಯಾಯಮೂರ್ತಿ ಜಾನ್ ಕ್ಲಾರ್ಕ್ ಅವರಿಗೆ ಯಾವ ರಾಜಕೀಯ ಪಿತೂರಿಯೂ ಕಾಣಲಿಲ್ಲ. ತನಿಖೆಯ ಹೊಣೆ ಹೊತ್ತ ಅಧಿಕಾರಿ ವಸ್ತುನಿಷ್ಠತೆಯನ್ನು ಕಳೆದುಕೊಂಡಿದ್ದರು ಎಂಬುದು ಅವರಿಗೆ ಕಂಡದ್ದು. ಭಯೋತ್ಪಾದಕ ಹೀಗಿರುತ್ತಾನೆ ಎಂಬ ಚಿತ್ರ ಮೊದಲೇ ತಲೆಯಲ್ಲಿದ್ದರೆ, ದುರುದ್ದೇಶವಿಲ್ಲದ ಶ್ರದ್ಧಾವಂತ ಅಧಿಕಾರಿಯೂ ಎದುರಿಗಿರುವ ಕಾಗದವನ್ನು ಆ ಚಿತ್ರಕ್ಕೆ ತಕ್ಕಂತೆಯೇ ಓದುತ್ತಾನೆ.

ಜುಲೈ 16ರಂದು ಬ್ರಿಸ್ಬೇನಿನ ಮ್ಯಾಜಿಸ್ಟ್ರೇಟ್ ಜಾಕಿ ಪೇನ್ ಹತ್ತು ಸಾವಿರ ಆಸ್ಟ್ರೇಲಿಯನ್ ಡಾಲರ್ ಭದ್ರತೆಯ ಮೇಲೆ ಜಾಮೀನು ಕೊಟ್ಟರು. ಕೆಲವೇ ಗಂಟೆಗಳಲ್ಲಿ ವಲಸೆ ಸಚಿವ ಕೆವಿನ್ ಆಂಡ್ರ್ಯೂಸ್ ನಡತೆಯ ಕಾರಣ ಕೊಟ್ಟು ಹನೀಫರ ವೀಸಾ ರದ್ದು ಮಾಡಿದರು. ಜಾಮೀನು ಸಿಕ್ಕರೂ ಸೆರೆ ತಪ್ಪಲಿಲ್ಲ. ಎರಡು ದಿನ ಬಿಟ್ಟು ಹನೀಫರ ವಕೀಲ ಸ್ಟೀಫನ್ ಕೈಮ್, ದೊಡ್ಡ ಟೀಕೆ ಬರುವುದೆಂದು ತಿಳಿದೂ, ಆ 142 ಪುಟಗಳನ್ನು ಪತ್ರಿಕೆಗೆ ಕೊಟ್ಟರು. ಪ್ರಶ್ನೆ ಏನಿತ್ತು, ಉತ್ತರ ಏನಿತ್ತು, ನ್ಯಾಯಾಲಯದಲ್ಲಿ ಹೇಳಿದ್ದೇನು ಎಂಬುದನ್ನು ದೇಶವೆಲ್ಲ ಓದಿತು. ಸಿಮ್ ಜೀಪಿನಲ್ಲಿ ಇರಲಿಲ್ಲ ಎಂಬ ವರದಿಯೂ ಬೆನ್ನಿಗೇ ಬಂತು. ಜುಲೈ 27ರಂದು ಆರೋಪವನ್ನು ಹಿಂದಕ್ಕೆ ಪಡೆದರು, 29ರಂದು ಹನೀಫ್ ಬೆಂಗಳೂರು ಮುಟ್ಟಿದರು. ಆಗಿನ ಪ್ರಧಾನಿ ಮನಮೋಹನ್ ಸಿಂಗ್ ಇಂಥ ಕುಟುಂಬಗಳ ಸಂಕಟ ಕಂಡು ನಿದ್ದೆ ಬರಲಿಲ್ಲವೆಂದದ್ದು, ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಸರ್ಕಾರಿ ಕೆಲಸ ಕೊಡುವೆನೆಂದದ್ದು, ಅವೆರಡಕ್ಕೂ ಇಲ್ಲೇ ಟೀಕೆ ಬಂದದ್ದು ಹಲವರಿಗೆ ನೆನಪಿರಬಹುದು.

ವೀಸಾ ಪ್ರಕರಣ ಫೆಡರಲ್ ನ್ಯಾಯಾಲಯಕ್ಕೆ ಹೋಯಿತು. ಅಪರಾಧ ಮಾಡಿದವರೊಂದಿಗೆ ಒಡನಾಟವಿದ್ದರೆ ಸಾಕು, ಅದು ಎಂಥ ಒಡನಾಟವೆಂದು ಕೇಳಬೇಕಿಲ್ಲ ಎಂಬುದು ಸರ್ಕಾರದ ವಾದ. ಆ ಅಳತೆಯಲ್ಲಿ ತಾನೂ ಪಾಸಾಗುವುದಿಲ್ಲ, ವಕೀಲನಾಗಿದ್ದಾಗ ತನಗೂ ಆರೋಪ ಹೊತ್ತವರ ಒಡನಾಟವಿತ್ತು ಎಂದು ನ್ಯಾಯಮೂರ್ತಿ ಜೆಫ್ರಿ ಸ್ಪೆಂಡರ್ ಕಲಾಪದ ನಡುವೆಯೇ ಹೇಳಿದರು. ಆಗಸ್ಟ್ 21ರಂದು ವೀಸಾ ರದ್ದತಿಯನ್ನು ಅವರು ತಳ್ಳಿಹಾಕಿದರು. ಬರೀ ನೆಂಟಸ್ತಿಕೆ, ಬರೀ ಪರಿಚಯ ಒಬ್ಬನ ನಡತೆಗೆ ಕಳಂಕವಾಗದು ಎಂಬುದು ತೀರ್ಪಿನ ತಿರುಳು. ಡಿಸೆಂಬರಿನಲ್ಲಿ ಪೂರ್ಣ ಪೀಠವೂ ಇದನ್ನು ಎತ್ತಿಹಿಡಿಯಿತು. ಮಲೆನಾಡಿನ ಯಾವುದೇ ಮನೆಯವರು ಈ ತೀರ್ಪನ್ನು ಓದಿದರೆ ತಟ್ಟನೆ ಅರ್ಥವಾಗುತ್ತದೆ. ಮೂರು ತಲೆಮಾರಿನ ನೆಂಟರ ಪಟ್ಟಿ ಹಾಕಿದರೆ ಅದರಲ್ಲಿ ಯಾವನೋ ಒಬ್ಬ ಕೇಡಿಗ ಇಲ್ಲದ ಮನೆ ನಮ್ಮ ಸೀಮೆಯಲ್ಲಿ ಎಷ್ಟಿದ್ದೀತು? ಕ್ಲಾರ್ಕ್ ವರದಿ 2008ರ ಕೊನೆಗೆ ಹೊರಬಂತು. ದಾಳಿಯ ಬಗ್ಗೆ ಹನೀಫ್‌ಗೆ ಮೊದಲೇ ತಿಳಿದಿತ್ತೆನ್ನಲು ಏನೂ ಸಿಕ್ಕಿಲ್ಲವೆಂದು ಆ ದೇಶದ ಗುಪ್ತಚರ ಸಂಸ್ಥೆಯೇ ಆರೋಪ ಹೊರಿಸುವುದಕ್ಕೆ ಮೊದಲು ತಿಳಿಸಿತ್ತು ಎಂಬುದು ಅದರಲ್ಲಿ ಬಯಲಾಯಿತು. ಅಂದರೆ ಉತ್ತರ ಹನೀಫರಿಂದಷ್ಟೇ ಅಲ್ಲ, ಸರ್ಕಾರದ ಒಳಗಿನಿಂದಲೂ ಬಂದಿತ್ತು. ಅದನ್ನೂ ಯಾರೂ ಕೇಳಿಸಿಕೊಂಡಿರಲಿಲ್ಲ. 2010ರಲ್ಲಿ ಸರ್ಕಾರ ಪರಿಹಾರ ಕೊಟ್ಟಿತು, ಮೊತ್ತವನ್ನು ಗುಟ್ಟಾಗಿಡಲಾಯಿತು. ಅದೇ ವರ್ಷ ಕಾನೂನು ತಿದ್ದಿ, ಲೆಕ್ಕಕ್ಕೆ ಹಿಡಿಯದ ಹೊತ್ತಿಗೆ ಏಳು ದಿನಗಳ ಮಿತಿ ಹಾಕಿದರು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದೇ. ಇಡೀ ಪ್ರಕರಣದಲ್ಲಿ ಮುಸ್ಲಿಮನೆಂಬ ಕಾರಣಕ್ಕೆ ಹಿಡಿದರು ಎಂದು ಯಾವ ಕಡತದಲ್ಲೂ ಬರೆದಿಲ್ಲ. ಸಿಮ್, ಸಂಬಂಧ, ಟಿಕೆಟ್ ಇವು ಸಾಲದೆ? ಧರ್ಮವನ್ನು ಯಾಕೆ ಎಳೆದು ತರಬೇಕು? ಕಡತದಲ್ಲಿ ಬರೆದಿಲ್ಲ ನಿಜ, ಇಂಥದ್ದನ್ನು ಯಾರೂ ಬರೆಯುವುದೂ ಇಲ್ಲ. ಆದರೆ ಆ ಮೂರು ಸಂಗತಿಗಳನ್ನು ಒಂದೊಂದಾಗಿ ನೋಡಿ. ಹೆಂಡತಿಯ ಬಾಣಂತನಕ್ಕೆ ಊರಿಗೆ ಹೊರಟ ಬ್ರಿಟಿಷ್ ವೈದ್ಯನ ಕೈಯಲ್ಲಿ ಒಂದೇ ದಾರಿಯ ಟಿಕೆಟ್ ಇದ್ದಿದ್ದರೆ ಅವನ ವಿವರಣೆ ಪ್ರಮಾಣಪತ್ರದಿಂದ ಬಿಟ್ಟುಹೋಗುತ್ತಿತ್ತೆ? ಸಾಮಾನ್ಯ ಸಂಗತಿಗಳಿಗೆ ಭೀಕರ ಅರ್ಥ ಹಚ್ಚುವ ಅಂಟು ಎಲ್ಲಿಂದಲಾದರೂ ಬರಬೇಕು. ಅದೇ ವಾರದಲ್ಲಿ ಆಸ್ಟ್ರೇಲಿಯಾದಲ್ಲಿ ಭಾರತೀಯ ಮೂಲದ ಇನ್ನೂ ಕೆಲವು ವೈದ್ಯರನ್ನು ವಿಚಾರಿಸಿ ಬಿಟ್ಟರು. ಭಾರತೀಯ, ಮುಸ್ಲಿಂ, ವೈದ್ಯ ಎಂಬ ಮೂರು ಪದ ಸೇರಿದರೆ ಒಂದು ಅಚ್ಚು ಸಿದ್ಧವಾಗುತ್ತಿತ್ತು. ಅಚ್ಚಿಗೆ ಹೊಂದುವವನು ಸಿಕ್ಕಿದ ಮೇಲೆ ಅವನ ಮಾತಿಗೆ ಬೆಲೆಯಿರಲಿಲ್ಲ. ಇದನ್ನು ನೇರ ಸಾಕ್ಷ್ಯದಿಂದ ಸಾಬೀತು ಮಾಡಲಾಗದು. ಒಂದೇ ದಿಕ್ಕಿಗೆ ವಾಲಿದ ತಪ್ಪುಗಳಿಂದ ತೆಗೆದ ಅನುಮಾನ ಇದು, ಅಷ್ಟೇ ಬಲದಿಂದ ಇದನ್ನು ಮುಂದಿಡುತ್ತಿದ್ದೇನೆ.

ಇನ್ನೊಂದು ಆಕ್ಷೇಪ ಲೆಕ್ಕದ್ದು. ಇಂಥ ದಾಳಿಗಳನ್ನು ಒಂದು ಗುಂಪಿನವರೇ ಹೆಚ್ಚಾಗಿ ಮಾಡಿದರೆ ಆ ಗುಂಪನ್ನು ಹೆಚ್ಚು ತಪಾಸಿಸುವುದು ಜಾಣತನವಲ್ಲವೇ ಎಂಬುದು. ಕೇಳಲು ಇದು ಸರಿಯೆನಿಸುತ್ತದೆ, ಪರೀಕ್ಷಿಸಿದಾಗ ಮುರಿದು ಬೀಳುತ್ತದೆ. ಅಮೆರಿಕದ ಕಸ್ಟಮ್ಸ್ ಇಲಾಖೆ ವಿಮಾನ ಪ್ರಯಾಣಿಕರನ್ನು ಹೇಗೆ ಆರಿಸಿ ತಪಾಸಿಸುತ್ತದೆ ಎಂಬುದನ್ನು ಅಲ್ಲಿನ ಸರ್ಕಾರಿ ಲೆಕ್ಕ ತಪಾಸಣಾ ಕಚೇರಿ 2000ದಲ್ಲಿ ಪರಿಶೀಲಿಸಿತು. ಮೈ ತಡವಿ ನೋಡಿದ ಮೇಲೆ ಎಕ್ಸ್-ರೇಗೆ ಕಳಿಸುವುದರಲ್ಲಿ, ಬಿಳಿಯ ಅಮೆರಿಕನ್ ಹೆಂಗಸರಿಗಿಂತ ಕಪ್ಪು ಅಮೆರಿಕನ್ ಹೆಂಗಸರಿಗೆ ಒಂಬತ್ತು ಪಟ್ಟು ಹೆಚ್ಚು ಸಂಭವವಿತ್ತು. ಅವರಲ್ಲಿ ಕಳ್ಳಮಾಲು ಸಿಗುವ ಸಂಭವವಾದರೋ ಬಿಳಿಯ ಹೆಂಗಸರದ್ದಕ್ಕಿಂತ ಅರ್ಧಕ್ಕೂ ಕಡಿಮೆ. ಆ ಹೊತ್ತಿಗೆ ಇಲಾಖೆಯ ಮುಖ್ಯಸ್ಥರಾಗಿದ್ದ ರೇಮಂಡ್ ಕೆಲ್ಲಿ ನಿಯಮ ಬದಲಿಸಿ, ಬಣ್ಣವನ್ನು ಬಿಟ್ಟು ನಡವಳಿಕೆ ಮತ್ತು ಖಚಿತ ಮಾಹಿತಿಯನ್ನು ಆಧಾರ ಮಾಡಿಕೊಂಡರು. ತಪಾಸಣೆಗಳ ಸಂಖ್ಯೆ ತೀವ್ರವಾಗಿ ಇಳಿಯಿತು, ತಪಾಸಿಸಿದವರಲ್ಲಿ ಮಾಲು ಸಿಗುವ ಪ್ರಮಾಣ ಏರಿತು. ಅಧಿಕಾರಿಯ ಕಣ್ಣು ಮತ್ತು ಹೊತ್ತು ಎರಡೂ ಮಿತಿಯುಳ್ಳವು. ತಪ್ಪು ಜಾಗದಲ್ಲಿ ಅವನ್ನು ಸುರಿದಷ್ಟೂ ಸರಿಯಾದ ಜಾಗಕ್ಕೆ ಕೊರತೆಯಾಗುತ್ತದೆ.

ಇಸ್ರೇಲಿನವರು ಹುಟ್ಟು ನೋಡಿಯೇ ತಪಾಸಿಸುತ್ತಾರೆ, ಅವರ ವಿಮಾನಗಳು ಸುರಕ್ಷಿತವಾಗಿಲ್ಲವೆ ಎಂದು ಕೇಳುವವರಿದ್ದಾರೆ. ಆ ವಾದಕ್ಕೆ ಎಲ್ಲರೂ ಎತ್ತಿಕೊಡುವ ಘಟನೆಯೇ ಬೇರೆ ಮಾತು ಹೇಳುತ್ತದೆ. 1986ರ ಏಪ್ರಿಲ್ 17ರಂದು ಲಂಡನ್ನಿನ ಹೀತ್ರೂದಲ್ಲಿ ಇಸ್ರೇಲಿನ ಎಲ್ ಆಲ್ ವಿಮಾನ ಹತ್ತಲು ಬಂದಿದ್ದ ಗರ್ಭಿಣಿ ಐರಿಷ್ ಯುವತಿಯೊಬ್ಬಳ ಚೀಲದಲ್ಲಿ ಬಾಂಬ್ ಸಿಕ್ಕಿತು. ಅವಳಿಗೇ ಅದು ಗೊತ್ತಿರಲಿಲ್ಲ, ಮದುವೆಯಾಗುವೆನೆಂದು ನಂಬಿಸಿದ್ದ ನಿಜಾರ್ ಹಿಂದಾವಿ ಅದನ್ನು ಇಟ್ಟು ಕಳಿಸಿದ್ದ. ಹುಟ್ಟಿನ ಪಟ್ಟಿ ಹಿಡಿದು ಕೂತಿದ್ದರೆ ಆಕೆ ಎಲ್ಲರಿಗಿಂತ ಮೊದಲು ಒಳಗೆ ಹೋಗುತ್ತಿದ್ದಳು. ಅವಳನ್ನು ಪ್ರಶ್ನಿಸಿದ ಸಿಬ್ಬಂದಿ ಅವಳು ಕೊಟ್ಟ ಉತ್ತರಗಳಿಗೆ ಕಿವಿಗೊಟ್ಟರು, ಚೀಲ ಕೈಗೆತ್ತಿ ಭಾರ ನೋಡಿದರು. ಇದಕ್ಕೆ ತದ್ವಿರುದ್ಧವಾದದ್ದು 2009ರ ಕ್ರಿಸ್‌ಮಸ್ ದಿನದ ಘಟನೆ. ಡೆಟ್ರಾಯ್ಟ್‌ಗೆ ಹೋಗುವ ವಿಮಾನವನ್ನು ಸಿಡಿಸಲು ಯತ್ನಿಸಿದ ನೈಜೀರಿಯಾದ ಯುವಕನ ಬಗ್ಗೆ ಅವನ ತಂದೆಯೇ ಹಿಂದಿನ ತಿಂಗಳು ಅಮೆರಿಕದ ರಾಯಭಾರ ಕಚೇರಿಗೆ ಹೋಗಿ ಎಚ್ಚರಿಸಿದ್ದರು. ಆ ತಂದೆಯೂ ಮುಸ್ಲಿಮರೇ. ಎಲ್ಲಕ್ಕಿಂತ ಬೆಲೆಬಾಳುವ ಮಾಹಿತಿ ಬರುವುದು ಮನೆಯೊಳಗಿನಿಂದ, ನೆಂಟರಿಂದ, ಮಸೀದಿಯ ಪಕ್ಕದ ಮನೆಯಿಂದ. ಪೊಲೀಸರ ಹತ್ತಿರ ಹೋದರೆ ನಾನೇ ಸಿಕ್ಕಿಬೀಳುತ್ತೇನೆ ಎಂಬ ಭಯವನ್ನು ಒಂದು ಸಮುದಾಯದಲ್ಲಿ ಹುಟ್ಟಿಸಿದರೆ ಆ ಬಾಗಿಲು ಮುಚ್ಚುತ್ತದೆ. ಬ್ರಿಟಿಷ್ ಅಧಿಕಾರಿಗೆ ಫೋನ್ ಮಾಡಲು ಯತ್ನಿಸಿದ ಹನೀಫರಿಗೆ ಏನಾಯಿತೆಂದು ಓದಿದ ಮೇಲೆ ಯಾರು ಫೋನ್ ಎತ್ತಿಕೊಂಡಾರು?

ಇವೆಲ್ಲ ದೂರದ ವಿಮಾನ ನಿಲ್ದಾಣಗಳ ಸಂಗತಿ ಎಂದು ಘಟ್ಟದ ಜನ ಸುಮ್ಮನಿರುವಂತಿಲ್ಲ. ಹುಟ್ಟಿನಿಂದಲೇ ಅಪರಾಧಿ ಎಂಬ ಯೋಚನೆಗೆ ಕಾನೂನಿನ ರೂಪ ಕೊಟ್ಟದ್ದು ಈ ದೇಶದಲ್ಲೇ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ಮೊದಲು ಉತ್ತರ ಭಾರತದಲ್ಲಿ ಜಾರಿಗೆ ಬಂದು, 1911ರಲ್ಲಿ ಮದ್ರಾಸ್ ಪ್ರಾಂತಕ್ಕೂ ಹರಡಿತು. ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ಘಟ್ಟ ಇಳಿದು, ಉಪ್ಪು ಹೇರಿಕೊಂಡು ಘಟ್ಟ ಹತ್ತುತ್ತಿದ್ದ ಕೊರಚ, ಕೊರವ ಜನರ ವ್ಯಾಪಾರ ಗಾಡಿ ರಸ್ತೆ ಮತ್ತು ರೈಲು ಬಂದ ಮೇಲೆ ಕುಸಿಯಿತು. ಅಲೆಮಾರಿಗಳಾಗಿ ಉಳಿದ ಅವರನ್ನು ಅಧಿಕಾರಿಗಳು ಅಪರಾಧಿ ಕುಲದ ಪಟ್ಟಿಗೆ ಸೇರಿಸಿದರು. ಪಟ್ಟಿಯಲ್ಲಿದ್ದವರು ಠಾಣೆಗೆ ಹಾಜರಿ ಹಾಕಬೇಕು, ಊರು ಬಿಡಬೇಕಾದರೆ ಚೀಟಿ ಬೇಕು. ಕಳ್ಳತನ ಮಾಡದವನು ತಾನು ಕಳ್ಳನಲ್ಲ ಎಂದು ತೋರಿಸಿ ಆ ಪಟ್ಟಿಯಿಂದ ಹೊರಬರುವುದು ಹೇಗೆ? ಅವನು ಪಟ್ಟಿ ಸೇರಿದ್ದೇ ಕಳ್ಳತನದಿಂದಲ್ಲ, ಹುಟ್ಟಿನಿಂದ. ಕಾಯಿದೆ 1952ರಲ್ಲಿ ರದ್ದಾಯಿತು. ಊರಿನಲ್ಲಿ ಏನಾದರೂ ಕಳುವಾದರೆ ಮೊದಲು ಆ ಜನರ ಗುಡಿಸಲಿನ ಕಡೆ ನೋಡುವ ಚಾಳಿ ಅದರ ಜೊತೆ ರದ್ದಾಗಲಿಲ್ಲ.

ಈಗ ಅದೇ ನೋಟ ತೋಟದ ಕಾರ್ಮಿಕರ ಲೈನ್ ಮನೆಗಳ ಕಡೆ ತಿರುಗಿದೆ. ಸಕಲೇಶಪುರ, ಆಲೂರು, ಮೂಡಿಗೆರೆ, ಕೊಡಗಿನ ತೋಟಗಳಿಗೆ ಹಿಂದೆ ಕರಾವಳಿಯಿಂದ, ತಮಿಳುನಾಡಿನಿಂದ ಆಳುಗಳು ಬರುತ್ತಿದ್ದರು. ಅವರ ಮಕ್ಕಳು ಓದಿ ಬೇರೆ ಕೆಲಸ ಹಿಡಿದ ಮೇಲೆ ಹಣ್ಣು ಕೊಯ್ಲಿಗೂ ಕಪಾತಿಗೂ ಜನವಿಲ್ಲದೆ ತೋಟದವರು ಪರದಾಡಿದರು. ಆ ಜಾಗ ತುಂಬಿದವರು ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡಿನ ಕಾರ್ಮಿಕರು. ಅಸ್ಸಾಂನಿಂದ ಬಂದವರಲ್ಲಿ ಬಂಗಾಳಿ ಆಡುವ ಮುಸ್ಲಿಮರೂ ಇದ್ದಾರೆ. ಅವರನ್ನು ಕಂಡರೆ ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಸಭೆಗಳಲ್ಲಿ ಸಲೀಸಾಗಿ ಬಾಯಿಗೆ ಬರುವ ಮಾತು ಬಾಂಗ್ಲಾದೇಶದವರು ಎಂಬುದು. 2020ರ ಜನವರಿಯಲ್ಲಿ ಕೊಡಗಿನಲ್ಲಿ ಪೊಲೀಸರು ತೋಟಗಳ ಹೊರರಾಜ್ಯದ ಕಾರ್ಮಿಕರನ್ನು ಗುಂಪು ಗುಂಪಾಗಿ ಕರೆಸಿ ದಾಖಲೆ ಪರಿಶೀಲಿಸಿದರು. ಹಾಸನ ಜಿಲ್ಲೆಯಲ್ಲೂ ಇಂಥ ಪರಿಶೀಲನೆಯ ಒತ್ತಾಯ ಆಗಾಗ ಏಳುತ್ತಲೇ ಇರುತ್ತದೆ. ಈ ಗುಮಾನಿಯ ಗುರುತುಗಳು ಎರಡೇ: ಆಡುವ ಮಾತು, ಇಟ್ಟುಕೊಂಡ ಹೆಸರು. ಬಂಗಾಳಿ ಅಸ್ಸಾಂನ ಬರಾಕ್ ಕಣಿವೆಯ ಅಧಿಕೃತ ಭಾಷೆ. ಅದಕ್ಕಾಗಿ 1961ರ ಮೇ 19ರಂದು ಸಿಲ್ಚಾರಿನಲ್ಲಿ ಹನ್ನೊಂದು ಜನ ಪೊಲೀಸರ ಗುಂಡಿಗೆ ಪ್ರಾಣ ಕೊಟ್ಟರು. ನುಡಿಗಾಗಿ ಹೋರಾಡಿದ ಕನ್ನಡಿಗರಾದರೂ ಆ ಮಾತನ್ನು ಕಿವಿಯಿಂದ ಕೇಳಿದ ಮಾತ್ರಕ್ಕೆ ಆಡಿದವನನ್ನು ಹೊರದೇಶದವನೆನ್ನಬಾರದು.

ಅಕ್ರಮವಾಗಿ ಗಡಿ ದಾಟಿದವರು ಇಲ್ಲವೇ ಇಲ್ಲವೇ ಎಂದು ಕೇಳಬಹುದು. ಇದ್ದಾರೆ, ಸಿಕ್ಕಿಬಿದ್ದವರೂ ಇದ್ದಾರೆ. ತೋಟದಲ್ಲಿ ಯಾರಿದ್ದಾರೆಂದು ತಿಳಿಯುವುದು ತೋಟದ ಮಾಲೀಕನಿಗೂ ಠಾಣೆಗೂ ಬೇಕು, ದಾಖಲೆ ಕೇಳುವುದರಲ್ಲಿ ಅನ್ಯಾಯವಿಲ್ಲ. ಬಹುಕಾಲ ಜಾರಿಯಲ್ಲಿದ್ದ 1946ರ ವಿದೇಶಿ ಪ್ರಜೆಗಳ ಕಾಯಿದೆಯ 9ನೇ ಕಲಮಿನಂತೆ ತಾನು ವಿದೇಶಿಯಲ್ಲ ಎಂದು ಸಾಬೀತು ಮಾಡುವ ಭಾರ ಕೇಳಿಸಿಕೊಂಡವನ ಮೇಲೆಯೇ ಇತ್ತು. ಅಷ್ಟು ಭಾರ ಹೊರಿಸಿದ ಮೇಲೆ, ಅವನು ತಂದು ತೋರಿಸಿದ ಕಾಗದವನ್ನು ನಂಬುವ ಹೊಣೆಯಾದರೂ ಕೇಳಿದವರ ಮೇಲೆ ಇರಬೇಡವೆ? ಆಧಾರ್ ತೋರಿಸಿದರೆ ಅದು ನಕಲಿಯಿರಬಹುದು, ಮತದಾರರ ಚೀಟಿ ತೋರಿಸಿದರೆ ದುಡ್ಡು ಕೊಟ್ಟು ಮಾಡಿಸಿದ್ದಿರಬಹುದು, ಅಸ್ಸಾಂನ ಪೌರತ್ವ ನೋಂದಣಿಯ ಪಟ್ಟಿಯಲ್ಲಿ ಹೆಸರು ತೋರಿಸಿದರೆ ಆ ಪಟ್ಟಿಯೇ ಸರಿಯಿಲ್ಲ. 2019ರ ಆಗಸ್ಟ್ 31ರಂದು ಪ್ರಕಟವಾದ ಆ ಪಟ್ಟಿ ಹತ್ತೊಂಬತ್ತು ಲಕ್ಷ ಜನರನ್ನು ಹೊರಗಿಟ್ಟಷ್ಟು ಕಠಿಣವಾಗಿತ್ತು. ಅದನ್ನು ದಾಟಿ ಬಂದವನ ಮಾತೂ ನಡೆಯದಿದ್ದರೆ ಇನ್ನು ಯಾವ ಕಾಗದ ನಡೆದೀತು? ಪಕ್ಕದ ಸಾಲಿನಲ್ಲಿ ನಿಂತ ಜಾರ್ಖಂಡಿನ ಕಾರ್ಮಿಕನ ಆಧಾರ್ ಅದೇ ಯಂತ್ರದಲ್ಲಿ ಅಚ್ಚಾದದ್ದು. ಅದನ್ನು ಯಾರೂ ತಿರುಗಿಸಿ ನೋಡುವುದಿಲ್ಲ.

ಇದು ಎಲ್ಲಿಗೆ ಒಯ್ಯುತ್ತದೆಂಬುದನ್ನು ಬೆಂಗಳೂರು ಕಂಡಿದೆ. 2020ರ ಜನವರಿ 19ರಂದು ಬೆಳ್ಳಂದೂರು ಹತ್ತಿರದ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶಿಗಳ ಶೆಡ್ಡುಗಳೆಂದು ಹೇಳಿ ನೂರಾರು ಬಡವರ ಸೂರುಗಳನ್ನು ಕೆಡವಿದರು. ಅಲ್ಲಿದ್ದವರಲ್ಲಿ ಅಸ್ಸಾಂ, ತ್ರಿಪುರಾದವರಿದ್ದರು. ನಮ್ಮದೇ ಉತ್ತರ ಕರ್ನಾಟಕದಿಂದ ಕೂಲಿಗೆ ಬಂದ ಕನ್ನಡದ ಕುಟುಂಬಗಳೂ ಇದ್ದವು. ಕನ್ನಡ ಮಾತಾಡುವವರನ್ನು ಕರ್ನಾಟಕದ ರಾಜಧಾನಿಯಲ್ಲಿ ಹೊರದೇಶದವರೆಂದು ಬೀದಿಗೆ ತಳ್ಳಿದ್ದು ನಾವು ಮರೆಯಬಾರದ ಸಂಗತಿ. ಪ್ರಕರಣ ಹೈಕೋರ್ಟಿಗೆ ಹೋಯಿತು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ ತೆರವಿಗೆ ತಡೆ ಕೊಟ್ಟು, ಪೊಲೀಸರ ನಡೆಯನ್ನು ಕಾನೂನುಬಾಹಿರವೆಂದು ಕಂಡು, ಸೂರು ಕಳೆದುಕೊಂಡವರಿಗೆ ಪುನರ್ವಸತಿ ಕಲ್ಪಿಸಬೇಕೆಂದಿತು. ಬ್ರಿಸ್ಬೇನಿನಲ್ಲಿ ಆದಂತೆ ಇಲ್ಲಿಯೂ ತಪ್ಪನ್ನು ತಿದ್ದಿದ್ದು ನ್ಯಾಯಾಲಯ, ಅದೂ ಕೆಡವಿದ ಮೇಲೆ.

ತೋಟದ ಸೀಮೆಯಲ್ಲಿ ಅಷ್ಟು ದೂರ ಹೋಗುವ ಮುನ್ನವೇ ಮಾಡಬಹುದಾದದ್ದಿದೆ, ಅದಕ್ಕೆ ಹೊಸ ಕಾನೂನೂ ಬೇಕಿರಲಿಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯ ಪ್ರಕಾರ, ಗುತ್ತಿಗೆದಾರ ತಾನು ಕರೆತಂದ ಪ್ರತಿ ಕಾರ್ಮಿಕನಿಗೂ ಫೋಟೊ ಅಂಟಿಸಿದ ಪಾಸ್‌ಬುಕ್ ಕೊಡಬೇಕಿತ್ತು. ಕೆಲಸದ ಜಾಗ, ಅವಧಿ, ಕೂಲಿಯ ದರ, ಊರಿಗೆ ಮರಳುವ ಖರ್ಚು ಎಲ್ಲ ಅದರಲ್ಲಿರಬೇಕಿತ್ತು. ಯಾವ ಊರಿನಿಂದ ಯಾರು ಬಂದರು, ಯಾರು ಕರೆತಂದರು ಎಂಬುದು ಬರಹದಲ್ಲಿ ದಾಖಲಾಗಬೇಕೆಂಬುದು ಆ ಕಾಯಿದೆಯ ಏರ್ಪಾಡಾಗಿತ್ತು. ಅದು ಎಲ್ಲರಿಗೂ ಒಂದೇ ಬಗೆ, ಬೋಡೋ ಆಡುವವನಿಗೂ ಬಂಗಾಳಿ ಆಡುವವನಿಗೂ. ದಾಖಲೆ ಪರಿಶೀಲನೆ ಬೇಕೆಂದು ಠಾಣೆಯ ಮುಂದೆ ದನಿ ಎತ್ತುವವರು ಈ ಪಾಸ್‌ಬುಕ್ ಯಾಕಿಲ್ಲ ಎಂದು ಗುತ್ತಿಗೆದಾರನನ್ನೋ ಮೇಸ್ತ್ರಿಯನ್ನೋ ಕಾರ್ಮಿಕ ಇಲಾಖೆಯನ್ನೋ ಮೊದಲು ಕೇಳಬೇಕಾಗಿತ್ತು. ಪೊಲೀಸರು ಒಮ್ಮೆ ನೋಡಿದ ಮೇಲೆ ಅದೇ ಪುಸ್ತಕದಲ್ಲಿ ಮೊಹರು ಹಾಕಿ ತಾರೀಖು ಬರೆದುಕೊಟ್ಟಿದ್ದರೆ, ಮುಂದಿನ ಕೊಯ್ಲಿಗೆ ಬೇರೆ ತೋಟಕ್ಕೆ ಹೋದಾಗ ಅದೇ ಮನುಷ್ಯ ಅದೇ ಪ್ರಶ್ನೆಗೆ ಮತ್ತೆ ಮೊದಲಿನಿಂದ ಉತ್ತರ ಕೊಡಬೇಕಾಗುತ್ತಿರಲಿಲ್ಲ.